ತಕರಾರು ಕೇಳಲು ಬರುತ್ತಿದ್ದ ದ್ಯಾವಮ್ಮ

ದ್ಯಾವಮ್ಮ ಮೇಡಂ ಯಾರ ಮನೆಗೂ ಹೇಳಿ ಬಂದವರಲ್ಲ. ಊಟದ ಹೊತ್ತು ತಪ್ಪಿಸಿದವರೂ ಅಲ್ಲ. ರಾಯಚೂರಿನ ಬಸ್ಸಿನಿಂದಿಳಿದು ಮಾನ್ವಿಯ ನಮ್ಮ ಮನೆಗೆ ಅವರು ಬರುವುದಕ್ಕೂ ನಾವು ತಾಟು ಹಾಕುವುದಕ್ಕೂ ಸರಿಹೋಗುತ್ತಿತ್ತು. ಚಪ್ಪಲಿ ಬಿಡುವ ಮೊದಲೇ ಒಂದು ಪ್ರಶ್ನೆ: "ಏನ್ರೀ, ಹುಡುಗಿ ಮ್ಯಾಲ ಏನ್ ತಕರಾರು ಅದ?" ಏನೂ ಇಲ್ಲ ಎಂದರೆ ಹುಳಿ ಮಜ್ಜಿಗೆ ಕುಡಿದವರಂತೆ ಮುಖ ಮಾಡುತ್ತಿದ್ದರು.

ಅವರ ಕೆಲಸವೇ ಅಂಥದ್ದು. ಬೇರೆ ರಾಜ್ಯಗಳಿಂದ ಒಂಟಿಯಾಗಿ ರಾಯಚೂರಿಗೆ ಬಂದು ಬೀಳುವ ಮಕ್ಕಳನ್ನು ಮಕ್ಕಳ ಕಲ್ಯಾಣ ಸಮಿತಿಯವರು ಯಾವುದಾದರೂ ಮನೆಯ ಆಸರೆಗೆ ಒಪ್ಪಿಸುತ್ತಾರೆ. ಆ ಮಗು ಆ ಮನೆಗೆ ಹೊಂದಿಕೊಂಡಿತೋ ಇಲ್ಲವೋ ಎಂದು ನೋಡಿ ಹೇಳುವ ಸಮಾಜ ಕಾರ್ಯಕರ್ತೆ ದ್ಯಾವಮ್ಮ. ದೇವದುರ್ಗದ ಕಡೆಯ ಮಸರಕಲ್ ಅವರ ಊರು, ಕುರಿ ಕಾಯುವ ಮನೆತನ. ದೊಡ್ಡ ಓದು ಓದಿದ್ದರೂ ಪುಸ್ತಕದ ಮಾತು ಅವರ ಬಾಯಲ್ಲಿ ಬಂದದ್ದು ನಾನಂತೂ ಕೇಳಿಲ್ಲ.

ನಮ್ಮ ಮನೆಗೆ ಬಂದವಳು ಸಬಿತಾ. ಒಡಿಶಾದ ಹುಡುಗಿ, ಒಂಬತ್ತು ವರ್ಷವಿದ್ದೀತು. ಅಪ್ಪ ಅಮ್ಮ ಇರಲಿಲ್ಲ. ಶಕ್ತಿನಗರದಲ್ಲಿ ಗುತ್ತಿಗೆ ಕೂಲಿಗಿದ್ದ ಅಣ್ಣನನ್ನು ಹುಡುಕಿಕೊಂಡು ಒಬ್ಬಳೇ ರೈಲು ಹತ್ತಿದ್ದಳು. ಅಣ್ಣ ಅಷ್ಟರಲ್ಲಿ ಗುತ್ತಿಗೆದಾರನ ಹಿಂದೆ ಇನ್ನಾವುದೋ ಊರಿಗೆ ಹೋಗಿಬಿಟ್ಟಿದ್ದ. ನಮ್ಮ ಮಗಳು ಮದುವೆಯಾಗಿ ಹೋದಮೇಲೆ ಮನೆಯಲ್ಲಿ ಉಳಿದವರು ನಾನು, ನನ್ನ ಯಜಮಾನರು, ಅತ್ತೆ. ಹುಡುಗಿ ಬಂದದ್ದೇ ಬಂದದ್ದು, ನಾವು ಏಳುವ ಮೊದಲೇ ಅಂಗಳ ಗುಡಿಸಿರುತ್ತಿದ್ದಳು. ಕೊಟ್ಟಷ್ಟು ಉಣ್ಣುವಳು, ಹೇಳಿದ್ದಕ್ಕೆಲ್ಲ ಹೂಂ ಅನ್ನುವಳು. ಇಂಥ ಚಿನ್ನದಂಥ ಮಗು ಇನ್ನೊಂದಿಲ್ಲ ಎಂದು ನಾನು ದ್ಯಾವಮ್ಮನ ಮುಂದೆ ಜಂಬ ಕೊಚ್ಚಿಕೊಂಡೆ.

"ಚಿನ್ನ ತಗೊಂಡು ಏನ್ ಮಾಡ್ತೀರಿ?" ಎಂದರು ಅವರು. "ಹೊಸಾ ಮರಿ ಹಟ್ಟಿಗಿ ಬಂದ್ರ ಮೂಲ್ಯಾಗ ಸುಮ್ನ ನಿಂದರ್ತದ. ಗುದ್ದಾಡಾಕ ಸುರು ಮಾಡ್ತಂದ್ರ ನಮ್ದಾತು ಅಂತ ತಿಳೀಬೇಕು. ಈಕಿ ಇನ್ನಾ ಮೂಲ್ಯಾಗ ನಿಂತಾಳ. ಹಿಂಗ ಇದ್ರ ನಾ ಬ್ಯಾರೆ ಮನಿ ನೋಡಬೇಕಾಕ್ಕದ್ರಿ."

ಆ ಹೊತ್ತಿಗೆ ಸಬಿತಾಳನ್ನು ಬಿಟ್ಟುಕೊಡುವ ಮಾತೇ ನನ್ನಿಂದ ಕೇಳಲಾಗುತ್ತಿರಲಿಲ್ಲ. ಹಾಗಾಗಿ ಮುಂದಿನ ಸಲ ದ್ಯಾವಮ್ಮ ಬಂದಾಗ ನನ್ನ ಯಜಮಾನರು, ಜನ್ಮದಲ್ಲಿ ಒಂದು ಸುಳ್ಳಾಡದ ಮನುಷ್ಯ, ಗಂಟಲು ಸರಿಮಾಡಿಕೊಂಡು, "ಹುಡುಗಿ ಭಾಳ ಟಿವಿ ನೋಡ್ತಾಳ್ರೀ, ಓದಂಗೇ ಇಲ್ಲ" ಎಂದರು.

"ಹೌದೇನ್ರಿ? ಕೆಟ್ಟು ಕುಂತ ಟಿವಿಯಾಗ ಏನ್ ಬರ್ತದ್ರಿ? ಮ್ಯಾಲ ಚಾದರ ಹೊದಿಸೀರಲ್ಲ!"

ಯಜಮಾನರು ಪೇಪರ್ ಎತ್ತಿಕೊಂಡು ಮುಖ ಮುಚ್ಚಿಕೊಂಡರು.

ಆ ದಿನವೇ ದ್ಯಾವಮ್ಮ ಕಳ್ಳತನ ಮಾಡಿದ್ದು. ನಮ್ಮದು ವೈಷ್ಣವರ ಮನೆ. ಅತ್ತೆ ಮಡಿಯಲ್ಲಿ ಅಡುಗೆಗೆ ನಿಂತರೆ ಸ್ನಾನವಾಗದ ಸೊಸೆಯನ್ನೂ ಹೊಸ್ತಿಲು ದಾಟಲು ಬಿಡುವವರಲ್ಲ. ಅವತ್ತು ನೈವೇದ್ಯಕ್ಕೆಂದು ಕಡಲೆಹಿಟ್ಟಿನ ಬೇಸನ್ ಉಂಡಿ ಕಟ್ಟಿಟ್ಟಿದ್ದರು. ಸಬಿತಾ ನೋಡುತ್ತಿದ್ದಂತೆಯೇ ದ್ಯಾವಮ್ಮ ನೆಟ್ಟಗೆ ಒಳಗೆ ಹೋದರು, ಒಂದು ಉಂಡಿ ಎತ್ತಿದರು, ಬಾಯಿಗೆ ಹಾಕಿಕೊಂಡರು.

"ಅಯ್ಯ ಅಯ್ಯ! ಏನವಾ ಇದು! ದೇವರಿಗೆ ಇನ್ನಾ ತೋರಿಸಿಲ್ಲ, ನಿನ್ನ ಬಾಯಿಗೆ ಬಿತ್ತಲ್ಲ! ನೌಕರಿ ಮಾಡಾಕಿ, ಸಣ್ಣ ಕೂಸೇನು ನೀನು?" ಅತ್ತೆಯ ದನಿ ಓಣಿಗೆಲ್ಲ ಕೇಳಿಸಿತು. ಸಬಿತಾ ಗೋಡೆಗೆ ಅಂಟಿಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ದ್ಯಾವಮ್ಮ ನಿಧಾನವಾಗಿ ಅಗಿದು, "ಭಾಳ ಚಲೋ ಆಗ್ಯಾವ ಯವ್ವಾ, ಇನ್ನೊಂದ್ ಕೊಡ್ರಿ" ಎಂದರು. ಅತ್ತೆ ಮತ್ತೆ ಬೈದರು. ಬೈಯುತ್ತಲೇ ಎಲ್ಲಾ ಮೊದಲಿನಿಂದ ಮಾಡಿದರು, ನೈವೇದ್ಯ ಮುಗಿಸಿದರು, ಬೈಯುತ್ತಲೇ ಬಡಿಸಿದರು. ಕೊನೆಗೆ ದ್ಯಾವಮ್ಮನ ತಾಟಿಗೆ ಎರಡು ಉಂಡಿ ಬಿದ್ದವು.

ಗೇಟಿನ ಹತ್ತಿರ ನಾನು ಅತ್ತೆಯ ಪರವಾಗಿ ಕ್ಷಮೆ ಕೇಳಿದೆ. "ನಮ್ಮಂಥೋರಿಗೆ ಅಡಗಿಮನ್ಯಾಗ ಬೈಸಿಕೊಳ್ಳೋದು ಹೊಸದಲ್ಲ ಬಿಡ್ರಿ, ಈ ಸಲ ಉಂಡೀನೂ ಸಿಕ್ತು" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಬೈದ್ರ ಹೊರಗ ಹಾಕ್ತಾರ ಅಂತ ಆ ಕೂಸು ತಿಳಕೊಂಡದ್ರಿ. ಬೈಸಿಕೊಂಡೋರಿಗೂ ಊಟ ಸಿಗ್ತದ ಅಂತ ಯಾರರ ತೋರಿಸಬೇಕಲ್ಲ?" ಎಂದರು.

ಮುಂದಿನ ಸಲ ಅವರು ಗೇಟು ತೆರೆದಾಗ ಕಟ್ಟೆಯ ಮೇಲೆ ಅತ್ತೆಯೇ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. "ಬಂದ್ಯಾ? ಛಲೋ ಆತು ಬಾ. ನೈವೇದ್ಯದ ಹುಳಿಗೆ ಬೆರಳು ಹಾಕಿ ನೆಕ್ಕ್ಯಾಳ ಈ ಹುಡುಗಿ! ಬೈದ್ರ ನನಗೇ ಎದುರು ಮಾತಾಡ್ತಾಳ!"

ಒಳಗಿನಿಂದ ಸಬಿತಾಳ ದನಿ ಬಂತು. ಶಾಲೆಯ ಗೆಳತಿಯರಿಂದ ಕಲಿತ ಅಪ್ಪಟ ಮಾನ್ವಿ ಕನ್ನಡ: "ಅಜ್ಜಿ ಉಪ್ಪ ಮರ್ತಿದ್ಲು! ಮೊನ್ನಿ ಸೈತ ಮರ್ತಿದ್ಲು! ದೇವ್ರು ಪಾಪ, ಸಪ್ಪನ ಹುಳಿ ಎಷ್ಟ ಸಲ ಉಣಬೇಕು?"

ದೇವರಿಗೆ ತೋರಿಸುವ ಮೊದಲು ಅತ್ತೆ ಅಡುಗೆಯ ರುಚಿ ನೋಡುವವರಲ್ಲ, ಎಲ್ಲವೂ ಕೈ ಅಂದಾಜು. ಮೊನ್ನೆಯ ಹುಳಿ ಸಪ್ಪಗಿದ್ದದ್ದು ನಿಜ. ನಾವು ಗಂಡಹೆಂಡತಿ ಹೆದರಿ ಸುಮ್ಮನೆ ಉಂಡಿದ್ದೆವು. ದ್ಯಾವಮ್ಮ ಕಟ್ಟೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಾನು ಹಿತ್ತಲಿಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ. ಹುಡುಗಿ ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂಬ ಸಂತೋಷ ನನಗೆ ತಡೆಯಲಾಗಲಿಲ್ಲ.

ಈ ಮನೆಯೇ ಸರಿ ಎಂದು ದ್ಯಾವಮ್ಮ ಸಮಿತಿಗೆ ಹೇಳಿದರು. ಅಣ್ಣನನ್ನೂ ಅವರೇ ಪತ್ತೆ ಹಚ್ಚಿದರು. ಅವನಿರುವ ಶೆಡ್ಡಿನಲ್ಲಿ ತಂಗಿಗೆ ಜಾಗವಿರಲಿಲ್ಲ. ಇಲ್ಲಿಯೇ ಓದಲಿ ಎಂದು ಒಪ್ಪಿದ, ಹಬ್ಬಕ್ಕೆ ಬಂದು ಹೋಗುತ್ತಾನೆ. ಅದಾದ ಮೇಲೆ ಒಂದು ದಿನ ದ್ಯಾವಮ್ಮ ಊಟ ಮುಗಿಸಿ ಕೈ ತೊಳೆಯುತ್ತ, "ನನ್ನ ಬ್ಯಾರೆ ಜಿಲ್ಲಾಕ್ಕ ಹಾಕ್ಯಾರ್ರಿ. ಇಲ್ಲೇ ಇದ್ದಿದ್ರೂ ಬರ್ತಿರಲಿಲ್ಲ ಬಿಡ್ರಿ, ನಿಮ್ಮ ಮನ್ಯಾಗ ಇನ್ನ ನನಗೇನ್ ಕೆಲಸ ಅದ?" ಎಂದು ಹೋದರು. ಮತ್ತೆ ಬರಲಿಲ್ಲ.

ಎಲ್ಲರಿಗಿಂತ ಹೆಚ್ಚು ಚಡಪಡಿಸಿದವರು ಅತ್ತೆ. ಒಂದು ಮಧ್ಯಾಹ್ನ ಬಡಿಸುತ್ತ ಬಡಿಸುತ್ತ, "ನಾವು ಏನರ ತಪ್ಪು ಮಾಡಿದ್ರ ಆ ಕಳ್ಳಿ ಬರ್ತಾಳೇನು?" ಎಂದುಬಿಟ್ಟರು. ನಾವು ಬೇಡ ಬೇಡ ಎನ್ನುವಷ್ಟರಲ್ಲಿ ಸಬಿತಾ ರೊಟ್ಟಿ ಅಗಿಯುತ್ತಲೇ ನನ್ನ ಫೋನ್ ಎಳೆದುಕೊಂಡು ದ್ಯಾವಮ್ಮನಿಗೆ ಹಚ್ಚಿ ಸ್ಪೀಕರ್ ಹಾಕಿದಳು.

"ಮೇಡಂ, ಅಜ್ಜಿ ನನಗ ಊಟಾನ ಹಾಕವಲ್ಲಳು. ನಾಳಿಗೇ ಬಂದು ನೋಡ್ರಿ."

"ಮೊದಲ ಬಾಯಾಗಿಂದು ನುಂಗು ಬೇ, ಆಮ್ಯಾಲ ಸುಳ್ಳ ಹೇಳು" ಎಂದು ದ್ಯಾವಮ್ಮ ಫೋನ್ ಇಟ್ಟರು.