ಹವಾಲ್ದಾರಮ್ಮ ಮತ್ತು ಅಂಗೈಯಷ್ಟು ಪೇಷಂಟು

ಹವಾಲ್ದಾರಮ್ಮ ಹಸುಗೂಸುಗಳ ಐಸಿಯು ತರಬೇತಿಗೆ ಅರ್ಜಿ ಹಾಕಿದ್ದು ಸೇವಾಭಾವದಿಂದಲ್ಲ, ಸೊಂಟನೋವಿನಿಂದ. ಇದನ್ನು ಅವಳೇ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದಳು. ಗಂಡಸರ ವಾರ್ಡಿನಲ್ಲಿ ನರ್ಸಾಗಿ ವರ್ಷಗಟ್ಟಲೆ ಕೋಣದಂಥ ಆಳುಗಳನ್ನು ಮಗ್ಗುಲು ತಿರುಗಿಸಿ, ದಿಂಬಿನಡಿಯ ಸಿಗರೇಟು ಕಿತ್ತುಕೊಂಡು, ಬೈಸಿಕೊಂಡು, ಅದರ ಎರಡರಷ್ಟು ಬೈದು ಅವಳಿಗೆ ಸಾಕಾಗಿಹೋಗಿತ್ತು. ಹವಾಲ್ದಾರಮ್ಮ ಎಂಬ ಬಿರುದು ಕೊಟ್ಟದ್ದೂ ಆ ಮಹಾನುಭಾವರೇ.

"ಒಂದೇ ಕೈಲಿ ಎತ್ತಬಹುದಾದ ಪೇಷಂಟು. ಮಾತು ಬರಲ್ಲ, ಬೈಯೋಕೂ ಬರಲ್ಲ. ಇದಕ್ಕಿಂತ ಸ್ವರ್ಗ ಬೇಕಾ?" ಎನ್ನುತ್ತಿದ್ದಳು.

ಮನೆಯಲ್ಲಿ ಅತ್ತೆಗೆ ಇದು ನಗೆಪಾಟಲಿನ ವಿಷಯ. "ಕೂಸು ನೋಡ್ಕೊಳ್ಳೋಕೂ ಟ್ರೈನಿಂಗಾ? ನಾನು ಐದು ಹೆತ್ತೆ. ನಂಗ್ಯಾರು ಸರ್ಟಿಫಿಕೇಟ್ ಕೊಟ್ರು?"

"ಅದಕ್ಕೇ ಅತ್ತೆ, ನಿಮ್ಮ ಮಗ ಹೀಗಿರೋದು," ಎಂದಳು ಸೊಸೆ. ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡ.

ದೂರದ ಬೆಟ್ಟ ನುಣ್ಣಗೆ ಅನ್ನುವುದು ಮೊದಲ ದಿನವೇ ಗೊತ್ತಾಯಿತು. ಮೊಣಕೈವರೆಗೆ ಕೈ ಉಜ್ಜಿ ಉಜ್ಜಿ ಚರ್ಮ ಸುಲಿಯಿತು. ಅವಳ ಗಂಟಲಿಗಂತೂ ಅಲ್ಲಿ ಪ್ರವೇಶವೇ ಇರಲಿಲ್ಲ. ಇನ್ನು ಪೇಷಂಟೋ, ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಷ್ಟು ಇದ್ದ. ತಿಂಗಳು ತುಂಬುವ ಮುಂಚೆಯೇ ಅವಸರ ಮಾಡಿ ಬಂದವನು. ಮೈಯ ನರಗಳೆಲ್ಲ ಹೊರಗೆ ಕಾಣುತ್ತಿದ್ದವು, ಮೂಗಿನಲ್ಲಿ ನಳಿಕೆ, ಅಂಗಾಲಿಗೆ ಆಮ್ಲಜನಕ ಅಳೆಯುವ ಕೆಂಪು ದೀಪದ ವೈರು. ಹವಾಲ್ದಾರಮ್ಮ ತಟ್ಟಿ ಮಲಗಿಸಲು ಕೈ ಚಾಚಿದ್ದೇ ತಡ, ತರಬೇತಿ ಕೊಡುವ ಸಿಸ್ಟರ್ ತಡೆದಳು. ವಯಸ್ಸಿನಲ್ಲಿ ಕಿರಿಯಳು, ಕಡ್ಡಿಯಂಥ ಹುಡುಗಿ.

"ಅಕ್ಕ, ಸುಮ್ಮಸುಮ್ಮನೆ ಮುಟ್ಟಬಾರದು. ಒರೆಸೋದು, ಬಟ್ಟೆ ಬದಲಿಸೋದು ಎಲ್ಲಾ ಒಂದೇ ಸಲಕ್ಕೆ ಮುಗಿಸಿ ಬಾಗಿಲು ಮುಚ್ಚಿಬಿಡಿ. ನಿದ್ದೆ ಮಾಡಿದ್ರೇನೇ ಇವು ಬೆಳೆಯೋದು."

ಮುಟ್ಟದೇ ನರ್ಸಿಂಗ್ ಮಾಡುವುದೆಂದರೆ ನೀರಿಗಿಳಿಯದೆ ಈಜಿದ ಹಾಗೆ ಎಂದು ಅವಳು ಒಳಗೊಳಗೇ ಗೊಣಗಿದಳು.

ಮಾನ ಹೋದದ್ದು ಗೊಂಬೆಯ ಪರೀಕ್ಷೆಯಲ್ಲಿ. ರಬ್ಬರಿನ ಕೂಸೊಂದನ್ನು ಮಲಗಿಸಿ ಮೆಷಿನ್ ಹಚ್ಚಿದ್ದರು. ಕೂಸು ಕೆಂಪಗಿದೆ, ಎದೆ ಏರಿಳಿಯುತ್ತಿದೆ, ಅಳುತ್ತಲೂ ಇದೆ ಎಂದು ಮೊದಲೇ ಹೇಳಿದ್ದರು. ಅಷ್ಟರಲ್ಲಿ ಮೆಷಿನ್ ಕಿರುಚಿಕೊಂಡಿತು, ಆಮ್ಲಜನಕದ ಅಂಕಿ ಪಾತಾಳಕ್ಕಿಳಿಯಿತು. ಹವಾಲ್ದಾರಮ್ಮ ಹಿಂದುಮುಂದು ನೋಡದೆ ಗಾಳಿಚೀಲ ಹಿಡಿದು, ಚೆನ್ನಾಗಿ ಉಸಿರಾಡುತ್ತಿದ್ದ ಕೂಸಿಗೆ ಬಲವಂತವಾಗಿ ಉಸಿರು ತುಂಬತೊಡಗಿದಳು. "ಎಲ್ಲಾ ಬನ್ರೋ" ಎಂದು ಗಂಡಸರ ವಾರ್ಡಿನ ಗಂಟಲು ಬೇರೆ ತೆಗೆದಳು. ಸಿಸ್ಟರ್ ಮೆಲ್ಲಗೆ ಗೊಂಬೆಯ ಕಾಲೆತ್ತಿ ತೋರಿಸಿದಳು. ವೈರು ಬಿಚ್ಚಿಕೊಂಡು ಬಿದ್ದಿತ್ತು, ಅಷ್ಟೇ. ಜೊತೆಗಿದ್ದ ಹುಡುಗಿಯರು ಗೋಡೆಗೆ ಮುಖ ಮಾಡಿ ನಕ್ಕರು. ಅವಳು ಇಂಗು ತಿಂದ ಮಂಗನ ಹಾಗೆ ನಿಂತಳು.

"ಇನ್ನೊಂದು ಸಲ ಹೀಗಾದ್ರೆ ನಿಮ್ಮನ್ನ ಹಳೇ ವಾರ್ಡಿಗೇ ಕಳಿಸಬೇಕಾಗುತ್ತೆ ಅಕ್ಕ," ಎಂದಳು ಸಿಸ್ಟರ್.

ಹೋದರೆ ಹೋಗಲಿ ಎನ್ನುವ ಕಾಲ ಆಗಲೇ ಮುಗಿದಿತ್ತು. ಸೊಂಟದ ನೆಪ ಯಾವತ್ತೋ ಸುಳ್ಳಾಗಿತ್ತು. ದಿನಾ ಆ ಪೆಟ್ಟಿಗೆಯ ಮುಂದೆ ಕೈಕಟ್ಟಿ ಕೂತು ಕೂತು ಅಂಗೈಯಷ್ಟಿದ್ದ ಆ ಪುಂಡನ ಮೇಲೆ ಅವಳು ಜೀವವನ್ನೇ ಇಟ್ಟುಕೊಂಡಿದ್ದಳು. ಅವನನ್ನು ಬೇರೆಯವರ ಕೈಗೆ ಬಿಟ್ಟು ಹೋಗುವ ಮಾತೇ ಇರಲಿಲ್ಲ.

ಒಂದು ಮಧ್ಯಾಹ್ನ ಅವನ ಮುಖದ ಬಣ್ಣ ಯಾಕೋ ಸರಿ ಕಾಣಲಿಲ್ಲ. ಬೂದಿಯ ಛಾಯೆ, ಹಣೆಯಲ್ಲಿ ಗಂಟು, ಹೊಟ್ಟೆ ಬಿಗಿ. ವೈರು ನೋಡಿದಳು, ಗಟ್ಟಿಯಾಗೇ ಇತ್ತು. ಮೆಷಿನ್ ನೋಡಿದಳು, ಎಲ್ಲ ಅಂಕಿಗಳೂ ಸರಿಯಾಗೇ ಇದ್ದವು. ಡಾಕ್ಟರನ್ನು ಕರೆದು ಏನೂ ಇಲ್ಲವೆಂದಾದರೆ ತನ್ನ ಕಥೆ ಮುಗಿಯಿತು. ಕರೆಯದೆ ಏನಾದರೂ ಆದರೆ ಅವನ ಕಥೆ. "ಹಾಳಾಗಿ ಹೋಗ್ಲಿ," ಎಂದು ತನ್ನ ಕೆಲಸಕ್ಕೇ ಶಾಪ ಹಾಕಿಕೊಂಡು ಕರೆಗಂಟೆಯ ಗುಂಡಿ ಒತ್ತಿದಳು.

ಡಾಕ್ಟರೂ ಸಿಸ್ಟರೂ ಓಡಿ ಬಂದರು. ಡಾಕ್ಟರ್ ಕೈಗವಸು ಹಾಕಿ, ಬಟ್ಟೆ ಬಿಚ್ಚಿ, ಹೊಟ್ಟೆ ಮುಟ್ಟಿ ನೋಡುತ್ತಿದ್ದಂತೆ ಆ ಮಹಾಶಯ ಮೈಯೆಲ್ಲ ಮುರಿದು, ತಿಣುಕಿ, ಡಾಕ್ಟರ ಅಂಗೈಗೇ ಕಕ್ಕ ಮಾಡಿದ. ನೋಡನೋಡುತ್ತಾ ಮುಖ ಕೆಂಪಗಾಯಿತು, ಹೊಟ್ಟೆ ಮೆತ್ತಗಾಯಿತು.

"ಎಲ್ಲಾ ಸರಿಯಾಗಿದೆ. ಒಳ್ಳೇ ಸುದ್ದಿನೇ," ಎಂದು ಡಾಕ್ಟರ್ ನಗುತ್ತಾ ಕೈಗವಸು ಬಿಸಾಕಿ ಹೋದರು.

ಗುಡ್ಡ ಅಗೆದು ಇಲಿ ಹಿಡಿದದ್ದಾಯಿತು. ಹವಾಲ್ದಾರಮ್ಮ ಸಿಸ್ಟರ ಮುಖ ನೋಡಲಾರದೆ ಹೊರಗೆ ಬಂದಳು. ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂಸಿನ ತಾಯಿ ಕೂತಿದ್ದಳು. ಡಾಕ್ಟರ್ ಓಡಿದ್ದನ್ನು ನೋಡಿ ಅವಳಿಗೆ ಜೀವ ಬಾಯಿಗೆ ಬಂದಿತ್ತು.

"ಏನೂ ಆಗಿಲ್ಲ ಕಣಮ್ಮ. ಕಕ್ಕ ಮಾಡಿದಾನೆ, ಅಷ್ಟೇ. ನಾನೇ ಹೆದರಿ ಎಲ್ಲರನ್ನೂ ಕರೆದುಬಿಟ್ಟೆ. ತಪ್ಪು ನಂದೇ," ಎಂದು ಬೈಗುಳಕ್ಕೆ ಕಾದು ನಿಂತಳು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಷ್ಟಕ್ಕೇ ಕರೆದ್ರಾ?"

"ಹೂಂ."

"ನಾಳೆನೂ ನೀವೇ ಇರ್ತೀರಾ ಸಿಸ್ಟರ್? ಇರೋದಾದ್ರೆ ನಾನು ಒಂದಿಷ್ಟು ಮಲಗ್ತೀನಿ. ಹೆರಿಗೆ ಆದಾಗಿಂದ ಕಣ್ಣು ಮುಚ್ಚೋಕೇ ಭಯ ನಂಗೆ."

ಹವಾಲ್ದಾರಮ್ಮ ಬಾಗಿಲ ಕಡೆ ತಿರುಗಿದಳು. ಅದನ್ನು ತೀರ್ಮಾನಿಸುವುದು ಅವಳ ಕೈಯಲ್ಲಿರಲಿಲ್ಲ.

"ಇರ್ತಾರೆ. ಇನ್ಮೇಲೆ ಇಲ್ಲೇ ಇರ್ತಾರೆ," ಎಂದಳು ಬಾಗಿಲಲ್ಲಿ ನಿಂತಿದ್ದ ಸಿಸ್ಟರ್. ಆಮೇಲೆ ಇತ್ತ ತಿರುಗಿ, "ಮೆಷಿನ್ ಸರಿ ಅಂದ್ರೂ ನೀವು ಮಗು ಮುಖ ನೋಡಿದ್ರಲ್ಲ ಅಕ್ಕ. ನಂಗೆ ಬೇಕಿದ್ದದ್ದು ಅದೇ," ಎಂದಳು.

ಹವಾಲ್ದಾರಮ್ಮ ನಾಚಿಕೆ ಬಿಟ್ಟು ಅಲ್ಲೇ ಅತ್ತುಬಿಟ್ಟಳು. ಆದರೆ ಅದನ್ನು ನೋಡಲು ತಾಯಿಗೆ ಎಚ್ಚರವಿರಲಿಲ್ಲ. ಅವಳು ಆಗಲೇ ಗೋಡೆಗೆ ತಲೆಯಾನಿಸಿ, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದಳು.