ಕಂಬಿ ಮುಟ್ಟಿ ಪದ ಬರೆಯುವ ಡಿಕ್ಷನರಿ ಅಕ್ಕ

ಪುಟ ತಿರುಗಿಸಬೇಡಿ, ಒಂದೈದು ನಿಮಿಷ ಕೂತು ಇದನ್ನು ಕೇಳಿಬಿಡಿ. ಕೇಳಿದ ಮೇಲೆ ಬೇಕಾದರೆ ನನ್ನನ್ನು ಬೈಯಿರಿ.

ಬೆಳಗಿನ ಆರು ಗಂಟೆ. ಅರ್ಧ ಕಟ್ಟಿದ ಕಟ್ಟಡದ ಮೂರನೇ ಮಹಡಿಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು ಕಬ್ಬಿಣದ ಕಂಬಿಗಳ ನಡುವಿನ ಜಾಗವನ್ನು ಬೆರಳಲ್ಲಿ ಅಳೆಯುತ್ತಿದ್ದಾರೆ. ಅವರು ಎಂಜಿನಿಯರಲ್ಲ. ಡಚ್ ಭಾಷೆಯಲ್ಲಿರುವ ಕಟ್ಟಡಗಳ ಲೆಕ್ಕಾಚಾರವನ್ನು ಇಂಗ್ಲಿಷಿಗೆ ತರುವವರು. ಕಣ್ಣಾರೆ ಕಾಣದ ವಸ್ತುವಿಗೆ ಪದ ಬರೆಯುವುದಿಲ್ಲ ಎಂಬುದು ಅವರ ಹಟ. ಕಾಂಕ್ರೀಟ್ ಸುರಿದ ಮೇಲೆ ಒಳಗಿನದು ಯಾರಿಗೆ ಕಾಣುತ್ತದೆ? ಅದಕ್ಕೇ ಇಷ್ಟು ಬೇಗ ಬರುತ್ತಾರೆ. ಸೈಟಿನವರಿಗೆಲ್ಲ ಅವರು ಡಿಕ್ಷನರಿ ಅಕ್ಕ.

"ಕಂಬಿ ಮುಟ್ಟದಿದ್ರೆ ನಮ್ಮಕ್ಕಂಗೆ ತಿಂದಿದ್ದು ಅರಗಲ್ಲ" ಎಂದು ಅಲ್ಲೇ ಮೇಸ್ತ್ರಿಯಾಗಿರುವ ತಮ್ಮ ಕಿಚಾಯಿಸುತ್ತಾನೆ.

"ಮೊದ್ಲು ಬಾಯಿ ಕಟ್ಟು, ಆಮೇಲೆ ಕಂಬಿ ಕಟ್ಟು" ಎನ್ನುತ್ತಾರೆ ಅಕ್ಕ.

ಡಚ್ಚರ ಕಂಪನಿಯೊಂದರ ನಕ್ಷೆ ವಿಭಾಗದಲ್ಲಿ ಕಲಿತ ಭಾಷೆ ಅದು. ಕಂಪನಿ ಮುಚ್ಚಿತು, ಭಾಷೆ ಕೈಹಿಡಿಯಿತು. ಇಪ್ಪತ್ತಮೂರು ವರ್ಷ ಒಂದೇ ಅನುವಾದ ಸಂಸ್ಥೆಗೆ ದುಡಿದರು. ದಿನಕ್ಕೆ ಎರಡು ಸಾವಿರ ಪದ. ಕೆಲವು ದಿನ ಒಂದೇ ಪದ ಮಧ್ಯಾಹ್ನದವರೆಗೂ ಜೀವ ಹಿಂಡುತ್ತದೆ. ಹದಿನಾಲ್ಕು ನೋಟ್‌ಬುಕ್ ತುಂಬಿವೆ, ಪ್ರತಿ ಪದದ ಪಕ್ಕ ಪೆನ್ಸಿಲ್ ಚಿತ್ರ. ಕತ್ತು ಈಗ ಎಡಕ್ಕೆ ಹೊರಳುವುದಿಲ್ಲ. ಇಷ್ಟಾದರೂ ಒಂದೇ ಒಂದು ವರದಿಯ ಮೇಲೂ ಅವರ ಹೆಸರಿಲ್ಲ.

ಹೋದ ವರ್ಷ ಕಾರು ನಿಲ್ಲಿಸುವ ಹಳೇ ಕಟ್ಟಡವೊಂದರ ದುರಸ್ತಿಯ ಕಾಗದಪತ್ರ ಅನುವಾದಕ್ಕೆ ಬಂತು. ಅದರ ಸ್ಲ್ಯಾಬ್ ಎರಡು ಪದರದ್ದು: ಕೆಳಗೆ ಕಾರ್ಖಾನೆಯಲ್ಲಿ ಎರಕ ಹೊಯ್ದ ತೆಳು ಕಾಂಕ್ರೀಟ್ ಹಲಗೆಗಳು, ಮೇಲೆ ಸುರಿದ ಕಾಂಕ್ರೀಟು, ಹಲಗೆಗಳು ಕೂಡುವ ಕಡೆ ಅಡ್ಡ ಕಂಬಿ. ಡಚ್ಚಿನಲ್ಲಿ ಇದಕ್ಕೆ ಒಂದೇ ಪದ. ಅಕ್ಕ ಇಂಗ್ಲಿಷಿನಲ್ಲಿ ಒಂದು ಸಾಲೇ ಬರೆದರು. ಸಂಸ್ಥೆಯಲ್ಲಿ ತಿದ್ದುವವರು, ಉದ್ದವಾಯಿತೆಂದು, ಬರೀ ಸ್ಲ್ಯಾಬ್ ಎಂದು ಕತ್ತರಿಸಿದರು. ಅದನ್ನು ಓದಿದವರು ಒಂದೇ ಎರಕದ್ದೆಂದು ತಿಳಿದು ದುರಸ್ತಿಗೆಂದು ಎಲ್ಲಿ ಬೇಕಾದರೂ ಕೊರೆಯಬಹುದು. ಆ ಅಡ್ಡ ಕಂಬಿ ತುಂಡಾದರೆ ನೆಲ ಕುಸಿಯುತ್ತದೆ. ಅಕ್ಕ ಸಂಸ್ಥೆಗೆ ಮೂರು ಸಲ ಬರೆದರು, ಕೊನೆಗೆ ಮ್ಯಾನೇಜರಿಗೆ ಫೋನೇ ಮಾಡಿದರು.

"ಮೇಡಂ, ನಮ್ದು ಭಾಷೆ ನೋಡೋ ಕೆಲ್ಸ. ಕಟ್ಟಡ ಬಿದ್ರೆ ಎಂಜಿನಿಯರ್ ನೋಡ್ಕೋತಾರೆ."

"ಬಿದ್ಮೇಲೆ ನೋಡೋಕೆ ಏನಿರುತ್ತಪ್ಪಾ?"

ಅನುವಾದಕರು ಗಿರಾಕಿಯನ್ನು ನೇರವಾಗಿ ಮಾತಾಡಿಸಕೂಡದು, ಅದು ಒಪ್ಪಂದ. ಅಕ್ಕ ಗಿರಾಕಿಯ ಎಂಜಿನಿಯರಿಗೇ ಬರೆದುಬಿಟ್ಟರು. ಎರಡೇ ದಿನದಲ್ಲಿ ನಕ್ಷೆ ಬದಲಾಯಿತು, ಕೊರೆಯುವ ಯಂತ್ರ ವಾಪಸು ಹೋಯಿತು. 'ನಿಮ್ಮ ಸಂಸ್ಥೆಯ ಎಚ್ಚರಕ್ಕೆ ಧನ್ಯವಾದ' ಎಂಬ ಪತ್ರ ಸಂಸ್ಥೆಗೆ ಬಂತು. ಅದಕ್ಕೆ ಚೌಕಟ್ಟು ಹಾಕಿ ಬಾಗಿಲ ಬಳಿಯೇ ನೇತುಹಾಕಿದರು. ಅದೇ ವಾರ, ಒಪ್ಪಂದ ಮುರಿದದ್ದಕ್ಕೆ, ಅಕ್ಕನಿಗೆ ಕೆಲಸ ನಿಂತಿತು. ಈಗ ಅಲ್ಲೊಂದು ಇಲ್ಲೊಂದು ಬಿಡಿ ಕೆಲಸ, ಅಷ್ಟೇ.

"ಜನ ಉಳಿದ್ರಲ್ಲ ಸಾಕು ಅನ್ನೋಷ್ಟು ದೊಡ್ಡ ಮನ್ಸು ನಂಗಿಲ್ಲ" ಎನ್ನುತ್ತಾರೆ ಅಕ್ಕ. "ಹೊಟ್ಟೆ ಉರಿಯುತ್ತೆ. ಆ ಪತ್ರ ನಂದು."

ತಮ್ಮ ಗೊಣಗುತ್ತಾನೆ: "ಸುಮ್ನಿದ್ದಿದ್ರೆ ಆಗ್ತಿತ್ತಲ್ಲಕ್ಕ."

"ನೀನಾಗಿದ್ರೆ ಸುಮ್ನಿರ್ತಿದ್ಯೇನೋ?"

ಅವನು ತಂತಿ ಎತ್ತಿಕೊಂಡು ಕಂಬಿ ಕಟ್ಟಲು ಕೂರುತ್ತಾನೆ. ಸರಿ, ನೀವು ಹೇಳಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?