‘ರಿಪೇರಿ ಆಗಿದೆ’ಗೆ ಜವಾಬ್ದಾರರು

ಆಫೀಸಿನಲ್ಲಿ ಅವಳನ್ನು ಎಲ್ಲರೂ ನಿಘಂಟಕ್ಕ ಎನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲಾಮೇಲೆ ಮುಖದೆದುರೇ. ಅದು ಲಿಫ್ಟು ಮಾರಿ, ಕೂರಿಸಿ, ಕೆಟ್ಟರೆ ಸರಿಮಾಡಿಕೊಡುವ ಕಂಪನಿ. ಅವಳು ಅಲ್ಲಿಗೆ ಸೇರಿದ್ದು ದೂರು ಬರೆದುಕೊಳ್ಳುವ ಕೆಲಸಕ್ಕೆ. ಫೋನು ಎತ್ತಿದ ಕೂಡಲೇ ‘ಒಳಗೆ ಯಾರಾದ್ರೂ ಸಿಕ್ಕಿಹಾಕ್ಕೊಂಡಿದಾರಾ?’ ಎಂದು ಮೊದಲು ಕೇಳಬೇಕು, ಉಳಿದದ್ದೆಲ್ಲ ಆಮೇಲೆ. ಆ ಕೆಲಸ ಅವಳಿಗೆ ಇಷ್ಟವಿತ್ತು. ಕಂಪನಿಗಳಲ್ಲಿ ಇಷ್ಟವಿರುವ ಕೆಲಸದಲ್ಲಿ ಯಾರನ್ನೂ ಬಹಳ ಕಾಲ ಬಿಡುವುದಿಲ್ಲ, ಅದು ಬೇರೆ ಮಾತು.

ಆ ಹೆಸರಿಗೆ ಕಾರಣವಾದ ಪದಕೋಶ ಅವಳ ತಲೆಗೆ ಬಂದದ್ದು ಹೀಗೆ. ಒಂದು ಮೀಟಿಂಗಿನಲ್ಲಿ ಡೈರೆಕ್ಟರು, ‘ನಮಗೆ ಗ್ರಾಹಕರು ಎಷ್ಟು ಜನ?’ ಎಂದು ಕೇಳಿದರು. ಮಾರಾಟದವರು ಒಂದು ಲೆಕ್ಕ ಹೇಳಿದರು, ಅಕೌಂಟ್ಸಿನವರು ಇನ್ನೊಂದು, ಸರ್ವಿಸಿನವರು ಮತ್ತೊಂದು. ಯಾರೂ ಸುಳ್ಳು ಹೇಳಿರಲಿಲ್ಲ, ಫಜೀತಿಯೇ ಅದು. ಮಾರಾಟದವರಿಗೆ ಸಹಿ ಹಾಕಿದವನು ಗ್ರಾಹಕ. ಅಕೌಂಟ್ಸಿಗೆ ಯಾರ ಹೆಸರಿಗೆ ಬಿಲ್ಲು ಹೋಯಿತೋ ಅವನು. ಸರ್ವಿಸಿನವರಿಗೆ ಫೋನು ಮಾಡಿ ಬೈಯುವ ಕಟ್ಟಡದ ವಾಚ್‌ಮನ್ನೂ ಗ್ರಾಹಕನೇ. ಡೈರೆಕ್ಟರು ಮೇಜು ಗುದ್ದಿ, ಕಂಪನಿಯವರೆಲ್ಲ ಬಳಸುವ ಪದಗಳಿಗೆ ಒಂದೇ ಅರ್ಥ ಇರಬೇಕು, ಅದು ಎಲ್ಲರ ಸ್ಕ್ರೀನಿನಲ್ಲೂ ಕಾಣಬೇಕು ಎಂದರು. ಇಂಥ ಕೆಲಸ ಯಾರ ತಲೆಗೆ ಕಟ್ಟುವುದು? ಮೂರೂ ವಿಭಾಗಗಳಲ್ಲಿ ಕೂತೆದ್ದು ಬಂದವಳು, ಎದುರು ಮಾತಾಡದವಳು, ಬಡ್ತಿ ಕೇಳದವಳು ಒಬ್ಬಳಿದ್ದಳಲ್ಲ.

ಅವಳು ಅದನ್ನು ಕಾಟಾಚಾರಕ್ಕೆ ಮಾಡಲಿಲ್ಲ. ಮಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೂರು ಕಟ್ಟಳೆ ಅವಳೇ ಹಾಕಿದಳು. ಪ್ರತಿ ಪದದ ಮುಂದೆ ‘ಜವಾಬ್ದಾರರು’ ಎಂಬ ಅಂಕಣದಲ್ಲಿ ಒಬ್ಬ ಮನುಷ್ಯನ ಹೆಸರಿರಬೇಕು, ವಿಭಾಗದ ಹೆಸರು ಹಾಕಿ ಕೈತೊಳೆದುಕೊಳ್ಳುವಂತಿಲ್ಲ. ಹೆಸರಿಲ್ಲದ ಪದ ಕೆಂಪಾಗಿಯೇ ಉಳಿಯುತ್ತದೆ, ಒಂದೇ ಒಂದು ಪದ ಕೆಂಪಗಿದ್ದರೂ ಪದಕೋಶ ಬಿಡುಗಡೆಯಾಗುವುದಿಲ್ಲ. ಒಮ್ಮೆ ಒಪ್ಪಿದ ಅರ್ಥವನ್ನು ಬದಲಿಸಬೇಕಾದರೆ ಮೂರು ವಿಭಾಗದ ಮುಖ್ಯಸ್ಥರೂ ಒಪ್ಪಬೇಕು. ‘ಇಲ್ದಿದ್ರೆ ಬೆಳಿಗ್ಗೆ ಒಂದು ಅರ್ಥ, ಸಂಜೆ ಒಂದು ಅರ್ಥ ಮಾಡ್ತಾರೆ, ನಂಗೆ ಇವ್ರನ್ನೆಲ್ಲ ಗೊತ್ತಿಲ್ವಾ,’ ಎಂದು ಅವಳು ಮನೆಯಲ್ಲಿ ಗಂಡನಿಗೆ ಹೇಳಿದ್ದಳು.

ಆಮೇಲೆ ಶುರುವಾಯಿತು ಅವಳ ಅಲೆದಾಟ. ಮೇಲ್ ಕಳಿಸಿದರೆ ಯಾರೂ ಓದುತ್ತಿರಲಿಲ್ಲ. ಹಾಗಾಗಿ ಟೀ ಮಷೀನಿನ ಪಕ್ಕ ನಿಂತು, ಕಪ್ಪು ತುಂಬುವಷ್ಟು ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಹಿಡಿಯುತ್ತಿದ್ದಳು. ‘ಸಾರ್, ಹಳೇ ಲಿಫ್ಟು ಅಂದ್ರೆ ನೀವು ಯಾವ್ದನ್ನ ಅಂತೀರಿ? ವಯಸ್ಸಾದದ್ದಾ, ಗ್ಯಾರಂಟಿ ಮುಗಿದದ್ದಾ?’ ಕೆಲವರು ಅವಳನ್ನು ಕಂಡರೆ ಟೀ ಆಸೆಯನ್ನೇ ಬಿಟ್ಟು ಹಿಂದೆ ತಿರುಗುತ್ತಿದ್ದರು. ಮಾರಾಟದವನೊಬ್ಬ, ‘ನಿಘಂಟಕ್ಕಾ, ಟೀ ಅಂದ್ರೆ ಏನು ಅಂತ ಬರ್ದಿದೀರಾ? ಈ ಮಷೀನಲ್ಲಿ ಬರೋದು ಅದಲ್ಲ ಅನ್ಸತ್ತೆ,’ ಎಂದ. ಅವಳೂ ನಕ್ಕಳು. ಹೀಗೆ ನಗುನಗುತ್ತಾ, ಹಲ್ಲುಕಚ್ಚಿಕೊಂಡು, ಒಂದೊಂದೇ ಪದದ ಕೆಂಪು ಬಣ್ಣ ಇಳಿಸುತ್ತಾ ಬಂದಳು.

ಅವಳ ಮನೆ ಒಂದು ಕಟ್ಟಡದ ಐದನೆಯ ಮಹಡಿಯಲ್ಲಿತ್ತು. ಅಲ್ಲಿನ ಲಿಫ್ಟೂ ಅವಳ ಕಂಪನಿಯದೇ. ಕಟ್ಟಡದವರಿಗೆ ಹೇಳಿ ಹಾಕಿಸಿದವಳೂ ಅವಳೇ. ಗಂಡ ಬಸ್ ಡ್ರೈವರ್ ಆಗಿದ್ದವನು. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿ, ಗಾಲಿಕುರ್ಚಿಗೆ ಅಂಟಿಕೊಂಡಿದ್ದ. ಇಡೀ ದಿನ ಸಿಡಿಮಿಡಿ ಎನ್ನುವ ಮನುಷ್ಯ ಸಾಯಂಕಾಲವಾಯಿತೆಂದರೆ ಬೇರೆಯವನಾಗುತ್ತಿದ್ದ. ಅವಳು ಕೆಲಸದಿಂದ ಬಂದವಳೇ ಅವನ ತಲೆ ಬಾಚಿ, ಕುರ್ಚಿಯನ್ನು ಲಿಫ್ಟಿಗೆ ತಳ್ಳಿ, ಕೆಳಗಿನ ದರ್ಜಿಯ ಅಂಗಡಿಗೆ ಬಿಟ್ಟುಬರುತ್ತಿದ್ದಳು. ದರ್ಜಿ ಅವನಿಗಿಂತ ಸ್ವಲ್ಪ ದೊಡ್ಡವನು, ಮಂಡಿ ಸವೆದು ಎದೆಯೂ ದುರ್ಬಲವಾಗಿದ್ದ ಮನುಷ್ಯ. ಇಬ್ಬರೂ ಸೇರಿ ಬೀದಿಯಲ್ಲಿ ಹೋಗುವ ವಾಹನಗಳಿಗೆ, ಅವನ್ನು ಓಡಿಸುವವರಿಗೆ, ಅವರು ತೊಟ್ಟ ಅಂಗಿಗಳ ಹೊಲಿಗೆಗೆ ಬಾಯಿತುಂಬ ಬೈಯುತ್ತಿದ್ದರು. ಅದೇ ಅವರ ಸುಖ. ಕೆಳಗಿಳಿಯುವ ಆ ಒಂದು ಗಳಿಗೆಗಾಗಿಯೇ ಗಂಡ ಉಳಿದ ಹೊತ್ತನ್ನು ತಳ್ಳುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪದಕೋಶದಲ್ಲಿ ಕೊನೆಗೆ ಕೆಂಪಗೆ ಉಳಿದದ್ದು ಒಂದೇ ಪದ: ‘ರಿಪೇರಿ ಆಗಿದೆ’. ಲಿಫ್ಟು ಮೇಲಿನಿಂದ ಕೆಳಗಿನವರೆಗೆ ಓಡಾಡಿ, ಕಟ್ಟಡದವರೊಬ್ಬರು ಅದನ್ನು ಕಂಡು ಹೌದೆಂದರೆ ಮಾತ್ರ ಹಾಗೆನ್ನಬೇಕು ಎಂದು ಅವಳು ಬರೆದಿಟ್ಟಿದ್ದಳು. ಸರ್ವಿಸ್ ಮುಖ್ಯಸ್ಥ ಕೆಂಡವಾದ.

‘ಅಕ್ಕಾ, ಜನ ಎಲ್ಲಿ ಹೌದು ಅಂತಾರೆ? ಬೆಲ್ ಸರಿಯಾಗಿ ಕೇಳ್ಸಲ್ಲ ಅಂತ ತಗಾದೆ ತೆಗೀತಾರೆ. ನಮ್ಮ ಹುಡುಗ ಹೋದ, ನೋಡ್ದ, ಏನ್ ಮಾಡ್ದ ಅಂತ ಬರ್ದ. ಅಲ್ಲಿಗೆ ರಿಪೇರಿ ಆಯ್ತು ಅಂತ ಹಾಕಿ.’

‘ನೋಡಿ ಬಂದ್ರೆ ರಿಪೇರಿ ಆಗತ್ತಾ ಸಾರ್? ನಾನೂ ದಿನಾ ಲಿಫ್ಟು ನೋಡ್ತೀನಿ.’

‘ಹಾಗಾದ್ರೆ ನನ್ನ ಹೆಸರು ಬರ್ಕೋಬೇಡಿ.’

ಮಾರಾಟ ವಿಭಾಗದ ಮುಖ್ಯಸ್ಥೆಗೆ ಅವಳು ಬರೆದ ಅರ್ಥವೇ ಸರಿಯೆನಿಸಿತ್ತು, ಆದರೆ ಸರ್ವಿಸಿನವನನ್ನು ಎದುರುಹಾಕಿಕೊಳ್ಳಲು ಮನಸ್ಸಿರಲಿಲ್ಲ. ‘ನೀವಿಬ್ರೂ ಏನಾದ್ರೂ ಮಾಡ್ಕೊಳಿ, ನನ್ನ ಹೆಸರು ಮಾತ್ರ ಬೇಡ,’ ಎಂದು ಜಾರಿಕೊಂಡಳು. ಮೀಟಿಂಗಿನ ಮೇಲೆ ಮೀಟಿಂಗು ಮುಂದಕ್ಕೆ ಹೋಯಿತು. ಡೈರೆಕ್ಟರಂತೂ ದಾರಿಯಲ್ಲಿ ಸಿಕ್ಕಾಗಲೆಲ್ಲ, ‘ಒಂದು ಪದಕ್ಕೋಸ್ಕರ ಇಷ್ಟು ಕೆಲಸ ನಿಂತಿದೆಯಲ್ಲಮ್ಮ, ನಿಮ್ಮ ಕೈಲಿ ಆಗುತ್ತೋ ಇಲ್ಲ ಬೇರೆಯವರಿಗೆ ಕೊಡ್ಲೋ?’ ಎನ್ನತೊಡಗಿದರು.

ಅವಳಿಗೆ ಸಾಕಾಗಿಹೋಗಿತ್ತು. ನಿಜ ಹೇಳಬೇಕೆಂದರೆ ಆಸೆಯೂ ಇತ್ತು. ಇಷ್ಟು ವರ್ಷದಲ್ಲಿ ಅವಳದೇ ಅನ್ನುವಂಥ ಒಂದು ಕೆಲಸ ಕಂಪನಿಯಲ್ಲಿ ಆದದ್ದಿಲ್ಲ, ಇದೊಂದಾದರೂ ಮುಗಿದು ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂಬ ಆಸೆ. ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಸರ್ವಿಸಿನವನು ಹೇಳಿದ ಅರ್ಥವನ್ನೇ ಟೈಪು ಮಾಡಿದಳು. ಮತ್ತೆ ಅವನ ಮುಂದೆ ಹೋಗಿ ಹೆಸರು ಕೇಳಲು ಮನಸ್ಸಾಗದೆ, ಜವಾಬ್ದಾರರ ಅಂಕಣದಲ್ಲಿ ತನ್ನ ಹೆಸರೇ ಹಾಕಿದಳು. ಆಮೇಲೆ ಸರಿಮಾಡಿದರಾಯಿತು, ಸದ್ಯಕ್ಕೆ ಕೆಂಪು ಹೋಗಲಿ ಎಂದುಕೊಂಡಳು. ಕೆಂಪು ಹೋಯಿತು. ಬಿಡುಗಡೆಯ ದಿನ ಕೇಕು ಕತ್ತರಿಸಿದರು, ಡೈರೆಕ್ಟರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಅವಳು ಒಂದು ತುಂಡು ಕೇಕನ್ನು ಕಾಗದದಲ್ಲಿ ಸುತ್ತಿ ತಂದು, ಗಂಡನಿಗೂ ದರ್ಜಿಗೂ ಹಂಚಿದಳು.

ಅವಳ ಕಟ್ಟಡದ ಲಿಫ್ಟು ನಿಂತದ್ದು ಅದಾದ ಮೇಲೆ, ಪದಕೋಶ ಎಲ್ಲರ ಸ್ಕ್ರೀನಿನೊಳಗೂ ಸೇರಿ ಹಳತಾದ ಕಾಲಕ್ಕೆ. ಮೆಕ್ಯಾನಿಕ್ ಬಂದ, ಮೇಲೆ ಹತ್ತಿ ನೋಡಿದ, ‘ಮೋಟರ್ ಸುಟ್ಟಿದೆ, ಹೊಸದು ಬೇಕು’ ಎಂದು ಮೊಬೈಲಿನಲ್ಲಿ ಬರೆದ, ಹೊರಟುಹೋದ. ಅಲ್ಲಿಗೆ ಲಿಫ್ಟು ರಿಪೇರಿ ಆಯಿತು. ಅಂದರೆ ಸ್ಕ್ರೀನಿನಲ್ಲಿ. ಮೆಟ್ಟಿಲ ಬಳಿ ಅದು ಬಾಯಿ ಅರ್ಧ ತೆರೆದುಕೊಂಡು ನಿಂತೇ ಇತ್ತು.

ಒಂದು ವಾರ ಕಾದು, ಅವಳು ಎಲ್ಲರಂತೆಯೇ ದೂರಿನ ನಂಬರಿಗೆ ಫೋನು ಮಾಡಿದಳು. ಎತ್ತಿದವಳು ಹೊಸ ಹುಡುಗಿ.

‘ಮೇಡಂ, ನಮ್ಮಲ್ಲಿ ಆ ಲಿಫ್ಟು ರಿಪೇರಿ ಆಗಿದೆ ಅಂತ ತೋರಿಸ್ತಿದೆ.’

‘ಆಗಿಲ್ಲಮ್ಮ. ನಾನು ಅದರ ಮುಂದೇನೇ ನಿಂತಿದೀನಿ.’

‘ಮೆಕ್ಯಾನಿಕ್ ಬಂದು, ಪರಿಶೀಲಿಸಿ, ವರದಿ ನಮೂದಿಸಿದರೆ ರಿಪೇರಿ ಆಗಿದೆ ಎಂದು ಪರಿಗಣಿಸತಕ್ಕದ್ದು ಅಂತ ಇದೆ ಮೇಡಂ. ನಾನೇನೂ ಮಾಡೋಕ್ಕಾಗಲ್ಲ. ಇದಕ್ಕೆ ಜವಾಬ್ದಾರರು ಅಂತ ಒಬ್ರ ಹೆಸರು ಕೊಟ್ಟಿದಾರೆ. ಬರ್ಕೋತೀರಾ? ಅವರನ್ನೇ ಕೇಳಿ.’

ಹುಡುಗಿ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದಳು. ಅವಳು ತನ್ನ ಹೆಸರನ್ನು ಕೊನೆಯವರೆಗೂ ಕೇಳಿಸಿಕೊಂಡು, ‘ಸರಿಯಮ್ಮ’ ಎಂದು ಫೋನಿಟ್ಟಳು.

ಮರುದಿನ ಸರ್ವಿಸ್ ಮುಖ್ಯಸ್ಥನ ಮುಂದೆ ಹೋಗಿ ನಿಂತಳು. ಅವನು ಕೆಟ್ಟವನೇನಲ್ಲ, ಕೂರಿಸಿದ, ಗಂಡನ ಆರೋಗ್ಯ ವಿಚಾರಿಸಿದ.

‘ಮೋಟರ್ ಸ್ಟೋರಲ್ಲಿ ಇದೆ ಅಕ್ಕಾ. ಆದ್ರೆ ನಿಂತಿರೋ ಲಿಫ್ಟಿಗೆ ಮಾತ್ರ ಸ್ಟೋರಿನವ್ರು ಕೊಡ್ತಾರೆ. ನಿಮ್ಮದು ನಿಂತಿಲ್ವಲ್ಲ, ರಿಪೇರಿ ಆಗಿದೆ.’

‘ವಾಪಸ್ ತೆಗೀಬಹುದಲ್ಲ ಸಾರ್, ನೀವು ಮನಸ್ಸು ಮಾಡಿದ್ರೆ.’

‘ಒಂದು ತೆಗೆದ್ರೆ ಇಂಥವೆಲ್ಲ ತೆಗೀಬೇಕಾಗತ್ತೆ. ಎಷ್ಟಿವೆ ಗೊತ್ತಾ? ಈ ತಿಂಗಳ ರಿಪೋರ್ಟು ಹಾಳಾಗೋಗತ್ತೆ. ತಿಂಗಳು ಮುಗೀಲಿ, ಮೊದಲು ನಿಮ್ಮದೇ ಮಾಡಿಸ್ತೀನಿ.’

‘ಹಾಗಾದ್ರೆ ಅರ್ಥ ಬದಲಾಯಿಸೋದಕ್ಕೆ ಒಪ್ಪಿಗೆ ಕೊಡಿ. ಉಳಿದಿಬ್ಬರನ್ನ ನಾನು ಕೇಳ್ತೀನಿ.’

ಅವನು ನಿಜವಾಗಿಯೂ ಆಶ್ಚರ್ಯಪಟ್ಟು ಅವಳ ಮುಖ ನೋಡಿದ. ‘ಅದು ನೀವೇ ಬರೆದದ್ದಲ್ವಾ?’

ಅವಳು ಎದ್ದು ಬಂದಳು. ‘ಇಂಥವೆಲ್ಲ’ ಎಂದನಲ್ಲ, ಆ ಮಾತು ಆಮೇಲೆ ಅವಳನ್ನು ಕೊರೆಯಿತು. ಇನ್ನೆಷ್ಟು ಕಟ್ಟಡಗಳ ಮೆಟ್ಟಿಲ ಮೇಲೆ ಇನ್ನೆಷ್ಟು ಮುದುಕರು ಸುಧಾರಿಸಿಕೊಳ್ಳುತ್ತಾ ಕೂತಿದ್ದಾರೋ ಎಂದು ಅವಳು ಲೆಕ್ಕ ಹಾಕಲು ಹೋಗಲಿಲ್ಲ. ಧೈರ್ಯವಾಗಲಿಲ್ಲ, ಅಷ್ಟೇ.

ಆ ವಾರವೇ ಐದನೆಯ ಮಹಡಿಗೆ ಸುದ್ದಿ ಬಂತು. ದರ್ಜಿ ಅಂಗಡಿ ಮುಚ್ಚುತ್ತಿದ್ದಾನೆ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸಲಾಗದು, ದೂರದೂರಿನಲ್ಲಿ ಮಗಳ ಮನೆಗೆ ಹೋಗಿ ಇರುತ್ತಾನೆ, ಶನಿವಾರ ಹೊರಡುತ್ತಾನೆ. ಗಂಡ ಕೇಳಿದ್ದು ಒಂದೇ ಮಾತು.

‘ಶನಿವಾರದೊಳಗೆ ಲಿಫ್ಟು ಸರಿಹೋಗತ್ತೇನೇ?’

‘ಹೋಗತ್ತೆ ರೀ,’ ಎಂದಳು ಅವಳು. ಸುಳ್ಳು ಹೇಳುತ್ತಿದ್ದೇನೆಂದು ಬಾಯಿ ಮುಚ್ಚುವ ಮೊದಲೇ ಅವಳಿಗೆ ಗೊತ್ತಿತ್ತು.

ಶನಿವಾರ ಬೆಳಿಗ್ಗೆ ಮೂರನೆಯ ಮಹಡಿಯ ಇಬ್ಬರು ಗಂಡಸರು ಬಂದು, ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತೇವೆ ಎಂದರು. ಗಂಡ ಕೆರಳಿದ. ‘ಜೀವಮಾನ ಇಡೀ ಜನರನ್ನ ಹೊತ್ತು ತಿರುಗಿದವನು ನಾನು. ನನ್ನನ್ನ ಮೂಟೆ ಥರ ಹೊತ್ತು ಇಳಿಸ್ತೀರಾ? ಅವನ ಕಣ್ಣೆದುರಿಗೆ?’ ಬಂದವರು ಮುಖ ಮುಖ ನೋಡಿಕೊಂಡು ಇಳಿದುಹೋದರು. ಅವರ ಹಿಂದೆಯೇ ಅವಳೂ ಇಳಿದಳು.

ದರ್ಜಿ ಆಗಲೇ ಹತ್ತತೊಡಗಿದ್ದ. ಎರಡನೆಯ ಮಹಡಿಯ ತಿರುವಿನಲ್ಲಿ, ಕಂಬಿಗೆ ತಲೆಯಾನಿಸಿ, ಎದೆ ಹಿಡಿದುಕೊಂಡು ಕೂತಿದ್ದ. ಮಡಿಲಲ್ಲಿ ಒಂದು ಪೊಟ್ಟಣ.

‘ಆಗಲ್ಲ ತಂಗಿ,’ ಎಂದ ಏದುಸಿರು ಬಿಡುತ್ತಾ. ‘ಇನ್ನೊಂದು ಮೆಟ್ಟಿಲು ಹತ್ತಿದ್ರೆ ಮಗಳ ಮನೆ ಅಲ್ಲ, ಬೇರೆ ಕಡೆಗೇ ಹೋಗ್ತೀನಿ. ಇದು ಡ್ರೈವರ್ ಸಾಹೇಬ್ರಿಗೆ. ಗುಂಡಿ ತೆಗೆದು ಟಿಚ್ ಬಟನ್ ಹಾಕಿದೀನಿ, ಎಡಗೈಯಲ್ಲೇ ಒತ್ತಿಕೊಬಹುದು. ನಿನ್ನ ಕಾಯೋದು ಬೇಡ.’

ಅವಳು ಅಂಗಿ ಹಿಡಿದು ಮೂರು ಮಹಡಿ ಹತ್ತಿದಳು. ಗಂಡ ಅದನ್ನು ಎಡಗೈಯಲ್ಲಿ ಸವರಿ, ‘ತೋಳು ಉದ್ದ ಆಯ್ತು ಅಂತ ಹೇಳು ಅವನಿಗೆ,’ ಎಂದ. ಅವಳು ಇಳಿದು ಹೇಳಿದಳು. ‘ಅವನ ಕೈಯೇ ಗಿಡ್ಡ ಅಂತ ಹೇಳಮ್ಮ,’ ಎಂದ ದರ್ಜಿ. ಮತ್ತೆ ಹತ್ತಿದಳು. ಹೀಗೆ ಒಬ್ಬನ ಬೈಗುಳವನ್ನು ಇನ್ನೊಬ್ಬನಿಗೆ ಒಯ್ದು ಒಯ್ದು ಅವಳ ಕಾಲು ನಡುಗತೊಡಗಿತು. ಕೆಳಗೆ ಗಾಡಿಯವನು ಹಾರ್ನ್ ಬಾರಿಸಿದ. ಕಡೆಯ ಸಲ ಮೇಲಿನಿಂದ ತರಲು ಮಾತೇ ಇರಲಿಲ್ಲ. ಗಂಡ ಬಾಲ್ಕನಿಯ ಕಡೆಗೆ ಕುರ್ಚಿ ತಿರುಗಿಸು ಎಂದಷ್ಟೇ ಹೇಳಿದ್ದ. ಐದನೆಯ ಮಹಡಿಯಿಂದ ಮೆಟ್ಟಿಲಿಳಿದು ಗಾಡಿಯತ್ತ ನಡೆದ ದರ್ಜಿಯ ಬೋಳುತಲೆ ಒಂದು ಕ್ಷಣ ಕಂಡಿತು. ದರ್ಜಿ ಮೇಲೆ ನೋಡಿ ಕೈ ಬೀಸಿದ, ಆದರೆ ಮಂಜುಗಣ್ಣಿಗೆ ಯಾವ ಬಾಲ್ಕನಿ ಎಂದು ತಿಳಿಯದೆ ಪಕ್ಕದ ಮನೆಯವರ ಕಡೆಗೆ ಬೀಸಿದ.

ಆವತ್ತು ಸಂಜೆ ಅವಳು ಗಂಡನ ಎದುರು ಕೂತು ಎಲ್ಲವನ್ನೂ ಹೇಳಿದಳು. ಪದ, ಅರ್ಥ, ಅಂಕಣ, ಕೇಕು, ಎಲ್ಲ. ಅವನು ಬೈಯುತ್ತಾನೆಂದು ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು.

‘ನೀನೇ ಬರೆದದ್ದಾ?’ ಎಂದ ಅವನು.

‘ಹೂಂ.’

‘ಆ ಕೇಕು ನಾನೂ ತಿಂದೆನಲ್ಲ,’ ಎಂದು ಗೋಡೆಯ ಕಡೆ ಮುಖ ತಿರುಗಿಸಿದ.

ಸರ್ವಿಸ್ ಮುಖ್ಯಸ್ಥ ಮಾತಿಗೆ ತಪ್ಪಲಿಲ್ಲ. ಹೊಸ ತಿಂಗಳು ಹುಟ್ಟಿದ ಕೂಡಲೇ ಲಿಫ್ಟು ನಿಂತಿದೆ ಎಂದು ಬರೆಸಿದ, ಮೋಟರ್ ಬಂತು. ಪದದ ಅರ್ಥವನ್ನು ಬದಲಿಸಬೇಕೆಂದು ಅವಳು ಕೊಟ್ಟ ಅರ್ಜಿಗೆ ಮಾರಾಟದ ಮುಖ್ಯಸ್ಥೆ ಒಪ್ಪಿದಳು, ಅಕೌಂಟ್ಸಿನವನು ತನಗೇನೂ ಅಭ್ಯಂತರವಿಲ್ಲ ಎಂದ, ಸರ್ವಿಸಿನವನು ಒಪ್ಪಲಿಲ್ಲ. ಮೂವರೂ ಒಪ್ಪಬೇಕೆಂಬುದು ಅವಳದೇ ಕಟ್ಟಳೆ. ಅಂಕಣದಿಂದ ತನ್ನ ಹೆಸರನ್ನಾದರೂ ಅಳಿಸಿ ಕೆಂಪು ಮಾಡಿಬಿಡೋಣ ಎಂದು ಹೋದರೆ, ಬೇರೆಯವರ ಹೆಸರು ಹಾಕದೆ ಇರುವ ಹೆಸರನ್ನು ತೆಗೆಯಲಾಗದು ಎಂದು ಕಂಪ್ಯೂಟರು ಹೇಳಿತು. ಅದನ್ನೂ ಅವಳೇ ಬರೆಸಿದ್ದಳು.

ಲಿಫ್ಟು ಸರಿಯಾದ ಸಂಜೆ ಅವಳು ಎಂದಿಗಿಂತ ಬೇಗ ಬಂದಳು. ಗಂಡನ ತಲೆ ಬಾಚಿದಳು. ಅವನು ಟಿಚ್ ಬಟನಿನ ಅಂಗಿಯನ್ನು ತಾನೇ ಹಾಕಿಕೊಂಡಿದ್ದ, ಎಡಗೈಯಲ್ಲಿ ಒಂದೊಂದೇ ಒತ್ತಿಕೊಂಡು. ಕುರ್ಚಿಯನ್ನು ಲಿಫ್ಟಿನ ಬಾಗಿಲವರೆಗೆ ತಳ್ಳಿ ಗುಂಡಿ ಒತ್ತಿದಳು. ಸದ್ದಿಲ್ಲದೆ ಬಂದು ನಿಂತ ಲಿಫ್ಟು ಬಾಗಿಲು ಪೂರ್ತಿ ತೆರೆಯಿತು.

‘ಬನ್ನಿ ರೀ, ಒಂದು ಸುತ್ತು ಕೆಳಗೆ ಹೋಗಿಬರೋಣ.’

ಅವನು ಒಳಗಿನ ಬೆಳಕನ್ನೇ ನೋಡುತ್ತಿದ್ದ.

‘ಕೆಳಗೆ ಯಾರಿದಾರೆ ಅಂತ?’ ಎಂದ.

ಕೆಳಗಿನಿಂದ ಯಾರೋ ಗುಂಡಿ ಒತ್ತಿರಬೇಕು, ಲಿಫ್ಟು ಬಾಗಿಲು ಮುಚ್ಚಿಕೊಂಡು ಖಾಲಿಯಾಗಿಯೇ ಇಳಿದುಹೋಯಿತು. ಅವಳು ಕುರ್ಚಿಯನ್ನು ಮನೆಯೊಳಕ್ಕೆ ತಿರುಗಿಸಿದಳು.